ಪಿಕಾಚುವಿನ ಬಾಲ ಮತ್ತು ನನ್ನ ಪೆನ್ಸಿಲ್

"ಅಕ್ಕಾ, ಬಾಲ ತಪ್ಪಾಗಿದೆ."

ತಮ್ಮ ಹೇಳಿದ್ದು ಇಷ್ಟೇ. ನಾನು ಎರಡು ಗಂಟೆ ಕೂತು ಬಿಡಿಸಿದ ಪಿಕಾಚು ಅದು, ಪೋಕೆಮಾನ್ ಗೇಮ್‌ನ ಹಳದಿ ಪ್ರಾಣಿ. ಕೆನ್ನೆಯ ಕೆಂಪು ಬೊಟ್ಟು, ಉದ್ದ ಕಿವಿ, ಮಿಂಚಿನ ಹಾಗೆ ಅಂಕುಡೊಂಕಾದ ಬಾಲ, ಎಲ್ಲಾ ಇತ್ತು. ಕಿವಿಯ ತುದಿಗೆ ಕಪ್ಪು ಬಳಿದಿದ್ದೆ, ಬಾಲದ ತುದಿಗೂ ಕಪ್ಪು ಬಳಿದಿದ್ದೆ. "ನಿಂಗೇನೋ ಗೊತ್ತು, ಹೋಗೋ" ಎಂದೆ. ಅವನು ಗೇಮ್ ತೆರೆದು ಮುಂದೆ ಹಿಡಿದ. ಬಾಲದ ತುದಿ ಪೂರ್ತಿ ಹಳದಿ! ಬುಡದಲ್ಲಿ ಮಾತ್ರ ಸ್ವಲ್ಪ ಕಂದು. ಕಪ್ಪು ಇರುವುದು ಕಿವಿಯ ತುದಿಯಲ್ಲಿ.

ಈ ತಪ್ಪು ನನ್ನೊಬ್ಬಳದೇ ಅಲ್ಲ, ತುಂಬಾ ಜನ ಹೀಗೇ ನೆನಪಿಟ್ಟುಕೊಂಡಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಅವತ್ತು ಮಾತ್ರ ಮುಖ ಸಣ್ಣದಾಗಿತ್ತು. ಚಿಕ್ಕಂದಿನಿಂದ ನೋಡಿದ ಪಾತ್ರ ಅದು. ನೋಡಿದ್ದೆ ನಿಜ, ಆದರೆ ಬರೆಯುವವಳ ಕಣ್ಣಿಂದ ಒಂದು ಸಲವೂ ನೋಡಿರಲಿಲ್ಲ.

ನನ್ನ ಹಳೇ ಚಿತ್ರದ ಪುಸ್ತಕಗಳನ್ನೆಲ್ಲ ತೆಗೆದು ಹರಡಿಕೊಂಡೆ. ನಗು ಬಂತು. ಎಲ್ಲರೂ ಎಡಕ್ಕೇ ಮುಖ ಮಾಡಿದ್ದಾರೆ. ಎಲ್ಲರ ಕೈಗಳೂ ಬೆನ್ನ ಹಿಂದೆ, ಯಾಕಂದ್ರೆ ನನಗೆ ಬೆರಳು ಬರುತ್ತಿರಲಿಲ್ಲ. ಪಾದಗಳು ಹಾಳೆಯಿಂದ ಹೊರಗೆ. ಒಂದು ಕಣ್ಣನ್ನು ಅರ್ಧ ಗಂಟೆ ತಿದ್ದಿ ತೀಡಿ ಚೆಂದ ಮಾಡುತ್ತಿದ್ದೆ. ಎರಡನೆಯದು ಅದಕ್ಕೆ ಜೋಡಿ ಆಗಲಿಕ್ಕಿಲ್ಲ ಅನ್ನುವ ಹೆದರಿಕೆಗೆ ಅದರ ಮೇಲೆ ಕೂದಲು ಇಳಿಬಿಡುತ್ತಿದ್ದೆ. ನನ್ನ ಪುಸ್ತಕದಲ್ಲಿ ಅರ್ಧ ಜನಕ್ಕೆ ಒಂದೇ ಕಣ್ಣು.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಯೋಧ, ಮಾಂತ್ರಿಕ, ರೋಬೋ, ಯಾರೇ ಇರಲಿ, ಒಳಗಿರುವ ಮೈ ಒಂದೇ. ಒಂದೇ ಬೊಂಬೆಗೆ ಬೇರೆ ಬೇರೆ ಅಂಗಿ ತೊಡಿಸಿದ ಹಾಗೆ.

ಇದನ್ನು ಪರೀಕ್ಷೆ ಮಾಡಲು ಒಂದು ಸುಲಭ ದಾರಿ ಇದೆ. ಚಿತ್ರದ ಹೊರಗೆರೆಯೊಳಗೆ ಪೂರ್ತಿ ಕಪ್ಪು ತುಂಬಿಬಿಡಿ. ಕಲಾವಿದರು ಇದನ್ನು ಸಿಲೂಯೆಟ್ ಅಂತಾರೆ. ಗೇಮ್ ಮಾಡುವವರು ಇದಕ್ಕೆ ತುಂಬಾ ಬೆಲೆ ಕೊಡುತ್ತಾರೆ. 2007ರಲ್ಲಿ ಬಂದ ಟೀಮ್ ಫೋರ್ಟ್ರೆಸ್ 2ರಲ್ಲಿ ಒಂಬತ್ತು ಬಗೆಯ ಪಾತ್ರಗಳಿವೆ. ಓಡುವಾಗ ಬರೀ ಆಕಾರ ನೋಡಿದರೂ ಯಾರು ಅಂತ ತಿಳಿಯಬೇಕು, ಹಾಗೆಂದೇ ಅವನ್ನು ರೂಪಿಸಿದ್ದು. ನನ್ನ ಐದು ಚಿತ್ರಗಳ ಮೇಲೆ ತೆಳು ಹಾಳೆ ಇಟ್ಟು ಕಪ್ಪು ತುಂಬಿ ತಮ್ಮನಿಗೆ ತೋರಿಸಿದೆ. ಗೇಮ್‌ನ ಮುಳ್ಳುಹಂದಿ ಸೋನಿಕ್‌ನನ್ನು ಗುರುತಿಸಿದ, ಅದೂ ಬೆನ್ನ ಮುಳ್ಳುಗಳಿಂದ. ಉಳಿದ ನಾಲ್ಕಕ್ಕೂ "ಯಾರೋ ಒಬ್ರು" ಎಂದ.

ಆಗ ನಾನು ಮಾಡಿದ ಕೆಲಸ ಮಕ್ಕಳಾಟದ ಹಾಗೆ ಕಾಣಬಹುದು. ಚೌಕುಳಿ ಹಾಳೆಯಲ್ಲಿ ಅಡ್ಡಕ್ಕೆ 16, ಉದ್ದಕ್ಕೆ 16 ಚೌಕ ಎಣಿಸಿ, ಮೂರೇ ಬಣ್ಣ ಇಟ್ಟುಕೊಂಡು ಮಾರಿಯೋನನ್ನು ಬರೆಯಲು ಕೂತೆ. ಸುಮ್ನೆ ಆರಿಸಿದ ಸಂಖ್ಯೆ ಅಲ್ಲ. ಮಾರಿಯೋ ಮೊದಲು ಕಾಣಿಸಿಕೊಂಡ 1981ರ ಡಾಂಕಿ ಕಾಂಗ್ ಗೇಮ್‌ನಲ್ಲಿ, ಅವನನ್ನು ರೂಪಿಸಿದ ಶಿಗೆರು ಮಿಯಾಮೊಟೊ ಅವರಿಗೆ ಆ ಪುಟ್ಟ ಮನುಷ್ಯನನ್ನು ಬರೆಯಲು ಸಿಕ್ಕ ಜಾಗವೇ ಅಷ್ಟು. ಬಾಯಿ ಬರೆಯಲು ಚೌಕಗಳಿಲ್ಲ, ಹಾಗಾಗಿ ದಪ್ಪ ಮೂಗು, ಕೆಳಗೆ ಮೀಸೆ. ಕೂದಲು ತೋರಿಸುವುದು ಕಷ್ಟ, ಹಾಗಾಗಿ ಟೋಪಿ. ಓಡುವಾಗ ಕೈ ಆಡುವುದು ಕಾಣಬೇಕು, ಹಾಗಾಗಿ ಅಂಗಿಗೆ ಒಂದು ಬಣ್ಣ, ಮೇಲಿನ ಓವರಾಲ್‌ಗೆ ಇನ್ನೊಂದು. ಇದನ್ನು ಮೊದಲೇ ಓದಿದ್ದೆ. ಆದರೆ ನಾನೇ ಚೌಕ ತುಂಬುವಾಗ ಬೇರೆಯೇ ಅನುಭವ. ನನ್ನ ಮೊದಲ ಮಾರಿಯೋಗೆ ಮೀಸೆ ಹಾಕದೆ ಬಾಯಿ ಬರೆದೆ. ಗಾಯದ ಹಾಗೆ ಕಂಡಿತು. ಅಳಿಸಿ ಅಲ್ಲೇ ನಾಲ್ಕು ಚೌಕ ಕಪ್ಪು ಮಾಡಿದೆ, ಮೂಗು ತಾನಾಗೇ ಮುಂದೆ ಬಂತು. ಅಷ್ಟೇ, ಮುಖ ಆಗಿಹೋಯಿತು! ಟೋಪಿಯ ಮುಂಚಾಚು ಒಂದು ಚೌಕ ಕಡಿಮೆಯಾದರೆ ಅವನು ಯಾವ ಕಡೆ ನೋಡುತ್ತಿದ್ದಾನೆ ಅನ್ನುವುದೇ ಹೊಳೆಯುವುದಿಲ್ಲ. ಒಂದು ಚೌಕ!

ಆ ವಾರ ಹೀಗೇ ಹನ್ನೆರಡು ಪಾತ್ರ ಮಾಡಿದೆ. ಕಣ್ಣಿನ ರೆಪ್ಪೆ, ಬೆಲ್ಟಿನ ಬಕಲ್ ಇವೆಲ್ಲ ಕೊನೆಗೆ ಬರುವ ಸಾಮಾನು ಅಂತ ಕೈಗೇ ಅರ್ಥವಾಯಿತು. ಅದಕ್ಕೂ ಮುಂಚೆ ಮಾಡುವ ಕೆಲಸ ಬೇಕಾದಷ್ಟಿದೆ.

ಅದರಲ್ಲಿ ಮೊದಲನೆಯದು ತಲೆಯ ಲೆಕ್ಕ. ನಿಂತ ಮನುಷ್ಯನ ಎತ್ತರ ಅವನ ತಲೆಯ ಏಳೂವರೆ ಪಟ್ಟು ಅಂತ ಚಿತ್ರ ಕಲಿಯುವವರ ಅಂದಾಜು. ವೀರರ ಹಾಗೆ ಕಾಣಿಸಬೇಕಾದರೆ ಎಂಟು. ಚಿಬಿ ಅನ್ನುವ ಮುದ್ದು ಶೈಲಿಯಲ್ಲಿ ಎರಡು, ಮೂರು. ಪರದೆಯ ಮುಂದೆ ಪೆನ್ಸಿಲ್ ಹಿಡಿದು, ಹೆಬ್ಬೆರಳಿನ ಉಗುರಿನಲ್ಲಿ ತಲೆಯ ಅಳತೆ ಗುರುತಿಟ್ಟು ಕೆಳಕ್ಕೆ ಎಣಿಸುತ್ತಾ ಹೋದೆ. ಎಣಿಸದೇ ಬರೆದಾಗಲೆಲ್ಲ ನನ್ನ ಪಾತ್ರಗಳು ಆರು ತಲೆಗೆ ಬಂದು ನಿಲ್ಲುತ್ತಿದ್ದವು. ಹಾಳೆಯ ಮೇಲ್ಭಾಗದಲ್ಲಿ ದೊಡ್ಡ ಮುಖ ಬರೆದು ಮುಗಿಸಿ, ಉಳಿದ ಜಾಗದಲ್ಲಿ ಕಾಲು ತುರುಕುತ್ತಿದ್ದೆನಲ್ಲ, ಅದಕ್ಕೇ. ಈಗ ಮೊದಲು ನೆತ್ತಿಗೊಂದು, ಪಾದಕ್ಕೊಂದು ಗೆರೆ ಎಳೆದುಬಿಡುತ್ತೇನೆ. ನಡುವೆ ಎಷ್ಟು ತಲೆಯೋ ಅಷ್ಟು ಭಾಗ.

ಆಮೇಲೆ ಮೈಯನ್ನು ಚೆಂಡು, ಡಬ್ಬಿ, ಕೊಳವೆ ಮಾಡಿಕೊಳ್ಳುವುದು. ಇದನ್ನು ಎಲ್ಲರೂ ಹೇಳುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. ಒಂದೇ ಮಾತು: ಎದೆಯ ಡಬ್ಬಿ ಒಂದು ಕಡೆ ವಾಲಿದರೆ ಸೊಂಟದ ಡಬ್ಬಿಯನ್ನು ಇನ್ನೊಂದು ಕಡೆ ವಾಲಿಸಿ ನೋಡಿ. ನನ್ನ ಮರದ ಬೊಂಬೆಗಳಿಗೆ ಜೀವ ಬಂದದ್ದು ಅಲ್ಲಿ.

ನಾನು ನಿಜವಾಗಿ ಒದ್ದಾಡಿದ್ದು ಲಿಂಕ್ ಜೊತೆ. ಜೆಲ್ಡಾ ಗೇಮ್‌ಗಳ ಹಸಿರು ಅಂಗಿಯ ಹುಡುಗ. ಕತ್ತಿ ಬೀಸುವ ಭಂಗಿ ಬೇಕಿತ್ತು. ಟ್ವೈಲೈಟ್ ಪ್ರಿನ್ಸೆಸ್‌ನ ಎರಡು ಸ್ಕ್ರೀನ್‌ಶಾಟ್ ಇಟ್ಟುಕೊಂಡೆ. ಒಂದನ್ನು ನೋಡಿ ಭುಜ, ಇನ್ನೊಂದನ್ನು ನೋಡಿ ಕೈ. ಮೊಣಕೈ ಯಾವ ರೀತಿ ತಿರುಗಿಸಿದರೂ ಮುರಿದ ಹಾಗೇ ಕಾಣುತ್ತಿತ್ತು. ಮೂರು ದಿನ ಹೋಯಿತು. ಕೊನೆಗೆ ನೋಡಿದರೆ ಒಂದರಲ್ಲಿ ಕತ್ತಿ ಎಡಗೈಯಲ್ಲಿ, ಇನ್ನೊಂದರಲ್ಲಿ ಬಲಗೈಯಲ್ಲಿ! 2006ರಲ್ಲಿ ಆ ಗೇಮ್ ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬ್, ವೀ ಎಂಬ ಎರಡು ಆಟದ ಯಂತ್ರಗಳಿಗೂ ಬಂದಿತ್ತು. ಲಿಂಕ್ ಹಿಂದಿನಿಂದಲೂ ಎಡಚ. ವೀಯಲ್ಲಿ ರಿಮೋಟ್ ಹಿಡಿದು ಕತ್ತಿ ಬೀಸಬೇಕು, ಆಡುವವರಲ್ಲಿ ಹೆಚ್ಚಿನವರು ಬಲಗೈಯವರು. ಅದಕ್ಕೆ ಆ ಆವೃತ್ತಿಯಲ್ಲಿ ಲಿಂಕ್‌ನನ್ನಷ್ಟೇ ಅಲ್ಲ, ಇಡೀ ಲೋಕವನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಟ್ಟಿದ್ದರು. ಹಳೇ ಗೇಮ್‌ಗಳಲ್ಲಿ ಇಂಥ ಮೋಸ ಇನ್ನೂ ಇದೆ. ಸ್ಟ್ರೀಟ್ ಫೈಟರ್ 2ರಲ್ಲಿ ಸಗಾತ್ ಆ ಕಡೆ ತಿರುಗಿದರೆ ಅವನ ಕಣ್ಣುಪಟ್ಟಿಯೂ ಇನ್ನೊಂದು ಕಣ್ಣಿಗೆ ಹಾರುತ್ತದೆ, ಒಂದೇ ಚಿತ್ರವನ್ನು ಮಗುಚಿ ಬಳಸಿರುವುದರಿಂದ. ಹಾಗಾಗಿ ಈಗ ಏನು ನೋಡಿ ಬರೆದರೂ ಮೊದಲು ಎಡ ಯಾವುದು, ಬಲ ಯಾವುದು ಅಂತ ಮೂಲೆಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಈ ಎಡವಟ್ಟಿನಿಂದ ಒಂದು ಲಾಭವೂ ಆಯಿತು. ನನ್ನ ಚಿತ್ರವನ್ನೇ ಕನ್ನಡಿಗೆ ಹಿಡಿದು ನೋಡುವ ಅಭ್ಯಾಸ ಬಂತು. ನೇರವಾಗಿ ನೋಡುವಾಗ ಸರಿಯಿದ್ದ ಮುಖ ಕನ್ನಡಿಯಲ್ಲಿ ಒಂದು ಕಡೆ ಜಾರಿರುತ್ತದೆ, ಒಂದು ಕಣ್ಣು ಮೇಲೆ ಹತ್ತಿರುತ್ತದೆ. ಟ್ಯಾಬ್ಲೆಟ್‌ನಲ್ಲಿ ಬರೆಯುವವರಿಗೆ ಒಂದು ಬಟನ್‌ನ ಕೆಲಸ. ಹತ್ತು ನಿಮಿಷಕ್ಕೊಮ್ಮೆ ಮಗುಚಿ ನೋಡಿ, ಬೇಜಾರಾಗುತ್ತದೆ, ಆದರೂ ನೋಡಿ.

ಲಿಂಕ್‌ನ ಮೊಣಕೈ ಕೊನೆಗೂ ಸರಿಯಾಗಿದ್ದು ಪೊರಕೆಯಿಂದ. ತಮ್ಮನ ಕೈಗೆ ಕೋಲು ಪೊರಕೆ ಕೊಟ್ಟು, ಬೀಸುವ ಹಾಗೆ ನಿಲ್ಲಿಸಿ, ನಾಲ್ಕು ಕಡೆಯಿಂದ ಫೋಟೊ ತೆಗೆದೆ. "ಎಷ್ಟೊತ್ತು ಅಕ್ಕಾ, ಕೈ ನೋಯ್ತಿದೆ" ಅಂತ ಗೋಳಾಡಿದ. ಕತ್ತಿ ಎತ್ತಿದಾಗ ಭುಜವೂ ಕಿವಿಯ ಹತ್ತಿರಕ್ಕೆ ಏರುತ್ತದೆ, ಕತ್ತು ಅರ್ಧ ಮುಚ್ಚಿಹೋಗುತ್ತದೆ. ನಾನು ಭುಜವನ್ನು ಇದ್ದಲ್ಲೇ ಇಟ್ಟು ಕೈಯನ್ನಷ್ಟೇ ಎತ್ತಿಸುತ್ತಿದ್ದೆ.

ಗೆರೆಯ ವಿಷಯಕ್ಕೆ ಬಂದರೆ, ನನ್ನವು ಕೂದಲು ಎದ್ದ ಗೆರೆಗಳು. ಒಂದು ಗೆರೆಗೆ ಹತ್ತು ಸಲ ಗೀಚು. ಎರಡು ತಿಂಗಳು ಬಾಲ್‌ಪೆನ್‌ನಲ್ಲೇ ಬರೆದೆ, ಅಳಿಸುವ ದಾರಿಯೇ ಇಲ್ಲದ ಹಾಗೆ. ಫೈಟಿಂಗ್ ಗೇಮ್ ಹಾಕಿ, ಒದೆಯುವ ಗಳಿಗೆಗೆ ನಿಲ್ಲಿಸಿ, 30 ಸೆಕೆಂಡ್ ಟೈಮರ್. ತಲೆಯಿಂದ ಹಿಮ್ಮಡಿವರೆಗೆ ಒಂದೇ ಬಾಗು, ಅದರ ಮೇಲೆ ಕೈಕಾಲು. ಮಣಿಕಟ್ಟಿನಿಂದಲ್ಲ, ಭುಜದಿಂದ ಕೈ ಆಡಿಸಬೇಕು. ದಿನಕ್ಕೆ ಇಪ್ಪತ್ತು ಬರೆದರೆ ಹದಿನೆಂಟು ಕಸ. ಉಳಿದ ಎರಡು ಮಾತ್ರ ನಿಜವಾಗಿಯೂ ಒದೆಯುತ್ತಿರುತ್ತವೆ.

ಟ್ರೇಸ್ ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಮಾಡಿದ್ದೇನೆ, ಮುಚ್ಚಿಡುವುದು ಯಾಕೆ? ಆದರೆ ಬರೀ ಹೊರಗೆರೆಯ ಮೇಲೆ ಪೆನ್ಸಿಲ್ ಓಡಿಸಿದರೆ ಕೈಗೆ ಏನೂ ಹತ್ತುವುದಿಲ್ಲ. ಒಳಗಿನ ಚೆಂಡು, ಡಬ್ಬಿಗಳನ್ನು ಅದರ ಮೇಲೆ ಗುರುತಿಸಿ, ಮೂಲವನ್ನು ಮುಚ್ಚಿಟ್ಟು, ಮತ್ತೆ ಖಾಲಿ ಹಾಳೆಯಲ್ಲಿ ಬರೆದಾಗ ಸ್ವಲ್ಪ ಹತ್ತಿತು. ಬೇರೆಯವರ ಚಿತ್ರವನ್ನು ಟ್ರೇಸ್ ಮಾಡಿ ನನ್ನದು ಅನ್ನುವುದು ಬೇರೆ ಮಾತು, ಅದು ಕಳ್ಳತನ.

ಬೆರಳುಗಳು ಇವತ್ತಿಗೂ ಪೂರ್ತಿ ಬಂದಿಲ್ಲ. ನಾನು ಬಲಗೈಯಲ್ಲಿ ಬರೆಯುವವಳು, ಎಡಗೈ ಖಾಲಿ ಇರುತ್ತದೆ. ಅದನ್ನೇ ಮೇಜಿನ ಮೇಲಿಟ್ಟು ಮುಷ್ಟಿ ಕಟ್ಟಿ ಬರೆಯುತ್ತೇನೆ. ಮೊದಲು ಕೈಗವಸಿನ ಆಕಾರ, ಆಮೇಲೆ ಗೆಣ್ಣುಗಳ ಸಾಲು, ಕೊನೆಗೆ ಬೆರಳು. ಹೆಬ್ಬೆರಳು ಮಾತ್ರ ಇನ್ನೂ ಸೌಟಿನ ಹಾಗೆ ಬರುತ್ತದೆ.

ಮೊನ್ನೆ ಪಿಕಾಚುವನ್ನು ಮತ್ತೆ ಬರೆದೆ, ಈ ಸಲ ಹಿಂದಿನಿಂದ. ಬೆನ್ನ ಮೇಲೆ ಎರಡು ಕಂದು ಪಟ್ಟೆ, ಬಾಲದ ಬುಡದಲ್ಲಿ ಕಂದು, ತುದಿ ಹಳದಿ. ತಮ್ಮ ಗೇಮ್ ತೆರೆದು ಪಕ್ಕದಲ್ಲಿಟ್ಟು ಒಂದೊಂದೇ ಹೋಲಿಸಿದ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

"ಕಿವಿ ಒಂದ್ಚೂರು ದಪ್ಪ ಆಯ್ತು ಅಲ್ವಾ?" ಎಂದ.

ಕನ್ನಡಿಗೆ ಹಿಡಿದು ನೋಡಿದೆ. ಹೌದು, ಎಡಗಿವಿ.