ಕ್ಯಾಮ್ರಿ ಹೈಬ್ರಿಡ್‌ನಲ್ಲಿ ಪಿ0ಎ80 ಬಂದರೆ ಏನು ನೋಡಬೇಕು

ಬಿಡದಿಯಲ್ಲಿ 2013ರಿಂದ ತಯಾರಾದ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಕಾರುಗಳಿಗೆ ಈಗ ವಯಸ್ಸಾಗಿದೆ. ನಮ್ಮ ಗ್ಯಾರೇಜಿಗೆ ಬಂದರೆ ಸ್ಕ್ಯಾನರ್‌ನಲ್ಲಿ ಬಹುಪಾಲು ಪಿ0ಎ80 ಅನ್ನೋ ದೋಷದ ಕೋಡ್, ಅಂದ್ರೆ ಹೈಬ್ರಿಡ್ ಬ್ಯಾಟರಿ ಕೆಟ್ಟಿದೆ ಅಂತ. ಕೋಡ್ ನೋಡಿದ ಕೂಡಲೇ ಇಡೀ ಬ್ಯಾಟರಿ ಪ್ಯಾಕ್ ಬದಲಿಸಿ ಅನ್ನೋರೇ ಜಾಸ್ತಿ. ಸ್ವಲ್ಪ ತಡೀರಿ.

ಮೊದಲು ಡಿಕ್ಕಿಯಲ್ಲಿರುವ 12 ವೋಲ್ಟ್ ಬ್ಯಾಟರಿಗೆ ಮೀಟರ್ ಹಿಡಿಯಿರಿ. ಅದು ವೀಕ್ ಆಗಿದ್ದರೆ ಸಂಬಂಧವೇ ಇಲ್ಲದ ಕೋಡ್‌ಗಳೂ ಬರುತ್ತವೆ. ಆಮೇಲೆ ಸ್ಕ್ಯಾನರ್‌ನಲ್ಲಿ ಹೈಬ್ರಿಡ್ ಕಂಟ್ರೋಲ್‌ಗೆ ಹೋಗಿ ಫ್ರೀಜ್ ಫ್ರೇಮ್, ಅಂದ್ರೆ ಕೋಡ್ ಬಂದ ಕ್ಷಣದ ರೀಡಿಂಗ್‌ಗಳನ್ನು ಸೇವ್ ಮಾಡಿಕೊಳ್ಳಿ. ಕೋಡ್ ಅಳಿಸಿದರೆ ಅದೂ ಹೋಗುತ್ತೆ.

ಈ ಪ್ಯಾಕ್‌ನಲ್ಲಿ 34 ಮಾಡ್ಯೂಲ್‌ಗಳಿವೆ, ಅಂದ್ರೆ ಸೆಲ್‌ಗಳ ಚಿಕ್ಕ ಕಟ್ಟುಗಳು. ಇಸಿಯು (ಗಾಡಿಯ ಕಂಪ್ಯೂಟರ್) ಅವನ್ನು ಎರಡೆರಡು ಸೇರಿಸಿ 17 ಬ್ಲಾಕ್ ಮಾಡಿ ಓದುತ್ತೆ. ಬ್ಲಾಕಿಗೆ 12 ಸೆಲ್, ಲೆಕ್ಕಕ್ಕೆ 14.4 ವೋಲ್ಟ್. ಲೈವ್ ಡೇಟಾದಲ್ಲಿ 17 ವೋಲ್ಟೇಜ್‌ಗಳ ಜೊತೆಗೆ ಬ್ಯಾಟರಿ ಕರೆಂಟನ್ನೂ ಹಾಕಿಕೊಳ್ಳಿ. ಕರೆಂಟ್ ಗೊತ್ತಿಲ್ಲದೆ ವೋಲ್ಟೇಜ್ ನೋಡೋದು ದಂಡ.

ಖಾಲಿ ರಸ್ತೆಗೆ ಹೋಗಿ. ಇನ್ನೊಬ್ಬರು ಗಾಡಿ ಓಡಿಸಲಿ, ನೀವು ಸ್ಕ್ಯಾನರ್ ಹಿಡಿದು ಕೂರಿ. ಆಕ್ಸಿಲರೇಟರ್ ಒತ್ತಿ ಜೋರಾಗಿ ಎಳೆದು ಆಮೇಲೆ ಬ್ರೇಕ್ ಹಾಕಿಸಿ, ಎಲ್ಲ ರೆಕಾರ್ಡ್ ಮಾಡಿ. ಈಚೆಗೆ ಬಂದ ಒಂದು ಗಾಡಿಯಲ್ಲಿ ಎಳೆಯುವಾಗ ಎಲ್ಲವೂ 14ರ ಆಸುಪಾಸು, 9ನೇ ಬ್ಲಾಕ್ ಮಾತ್ರ 13. ಬ್ರೇಕ್ ಹಾಕಿದಾಗ, ಅಂದ್ರೆ ಬ್ಯಾಟರಿ ಚಾರ್ಜ್ ಆಗುವಾಗ, ಅದೇ 9 ಎಲ್ಲಕ್ಕಿಂತ ಮೇಲೆ. ನಿಂತಾಗ ಎಲ್ಲ ಸಮ. ಹೀಗೆ ಎರಡೂ ಕಡೆ ಜಿಗಿದರೆ ಅಲ್ಲಿ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಜಾಸ್ತಿಯಾಗಿದೆ ಅಂತ ಅರ್ಥ. ಮಾಡ್ಯೂಲ್ ಮುದಿಯಾಗಿರಬಹುದು, ಇಲ್ಲವೇ ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿ (ಬಸ್‌ಬಾರ್) ಕಿಲುಬು ಹಿಡಿದಿರಬಹುದು. ಆ ಗಾಡಿಯಲ್ಲಿ ಪಟ್ಟಿ ಹಸಿರಾಗಿತ್ತು. ಉಜ್ಜಿ, ನಟ್‌ಗಳನ್ನು ಕಂಪನಿ ಹೇಳಿದಷ್ಟೇ ಟಾರ್ಕ್‌ಗೆ ಬಿಗಿದ ಮೇಲೆ 9 ಉಳಿದವುಗಳ ಸಾಲಿಗೆ ಬಂತು.

ನಿಂತಾಗಲೂ ಒಂದು ಬ್ಲಾಕ್ ಸುಮಾರು 1.2 ವೋಲ್ಟ್ ಕಡಿಮೆ ಇದ್ದರೆ ಬೇರೆ ಮಾತು. ಅದು ಸರಿಯಾಗಿ ಒಂದು ಸೆಲ್‌ನಷ್ಟು, ಅಲ್ವಾ? ಒಂದು ಸೆಲ್ ಒಳಗೇ ಶಾರ್ಟ್ ಆಗಿರೋ ಸಾಧ್ಯತೆ ಹೆಚ್ಚು. ಉಜ್ಜಿ ಪ್ರಯೋಜನವಿಲ್ಲ, ಮಾಡ್ಯೂಲ್ ಬದಲಿಸಬೇಕು. ನಡುವಿನ ಬ್ಲಾಕ್‌ಗಳೇ ಸೋತಿದ್ದರೆ ಟೆಂಪರೇಚರ್ ನೋಡಿ, ಫ್ಯಾನ್‌ನಲ್ಲಿ ಧೂಳು ಕೂತಿದೆಯಾ ಅಂತಲೂ ನೋಡಿ.

ಪ್ಯಾಕ್ ಬಿಚ್ಚುವ ಮುನ್ನ 1000 ವೋಲ್ಟ್ ಗ್ಲೌಸ್ ಹಾಕಿ, ಸರ್ವಿಸ್ ಪ್ಲಗ್ (ಹೈ ವೋಲ್ಟೇಜ್ ಕಡಿಯುವ ಪ್ಲಗ್) ತೆಗೆದು ಜೇಬಿಗೆ ಹಾಕಿಕೊಳ್ಳಿ, 10 ನಿಮಿಷ ಕಾಯಿರಿ. ಪ್ಲಗ್ ತೆಗೆದರೂ ಮಾಡ್ಯೂಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತೆ. ಅದಕ್ಕೇ ಈ ಕೆಲಸ ಕಲಿತವರಿಗೆ ಮಾತ್ರ. ಜೊತೆಗೆ ಪಿ0ಎಎ6 ಕೋಡ್ ಕೂಡ ಇದ್ದರೆ ಹೈ ವೋಲ್ಟೇಜ್ ಎಲ್ಲೋ ಗಾಡಿಯ ಲೋಹದ ಮೈಗೆ ಲೀಕ್ ಆಗ್ತಿದೆ. ಆಗ ಬ್ಲಾಕ್‌ಗಳನ್ನು ಬಿಟ್ಟು ಮೊದಲು ಅದನ್ನು ಹುಡುಕಿ.