ಕಿರುಸಾಲಕ್ಕೆ ಸಹಿ ಹಾಕುವ ಮುನ್ನ ಮಾಹಿತಿ ಪತ್ರ ಕೇಳಿ ಪಡೆಯಿರಿ

ಕಿರುಸಾಲ ಪಡೆಯುವಾಗ ನಮ್ಮ ಹೆಣ್ಣುಮಕ್ಕಳು ಕಂತು ಎಷ್ಟೆಂದು ವಿಚಾರಿಸುತ್ತಾರೆಯೇ ಹೊರತು ಬಡ್ಡಿಯ ಲೆಕ್ಕವನ್ನು ಕೇಳುವುದು ಕಡಿಮೆ. 10,000 ರೂಪಾಯಿ ಸಾಲಕ್ಕೆ ಶೇ. 12ರಂತೆ 1,200 ರೂಪಾಯಿ ಬಡ್ಡಿಯನ್ನು ಮೊದಲೇ ಸೇರಿಸಿ, ಒಟ್ಟು 11,200 ರೂಪಾಯಿಯನ್ನು 12 ತಿಂಗಳ ಸಮ ಕಂತುಗಳಲ್ಲಿ ಕಟ್ಟಿಸಿಕೊಂಡರೆ, ಅಸಲು ಪ್ರತಿ ತಿಂಗಳೂ ಇಳಿಯುತ್ತ ಹೋಗುವುದರಿಂದ ನಿಜವಾದ ಬಡ್ಡಿ ದರ ಶೇ. 21ನ್ನು ದಾಟುತ್ತದೆ. ಕಂತಿನ ಮೊತ್ತ ಸಣ್ಣದಾಗಿ ಕಾಣುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ.

ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳ ಪ್ರಕಾರ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಕಿರುಸಾಲದ ಬಡ್ಡಿ, ಶುಲ್ಕ, ವಿಮೆ ಎಲ್ಲವನ್ನೂ ಸಾಲಗಾರರಿಗೆ ಅರ್ಥವಾಗುವ ಭಾಷೆಯ ಮಾಹಿತಿ ಪತ್ರದಲ್ಲಿ ತಿಳಿಸಬೇಕು. ಅದನ್ನು ಕನ್ನಡದಲ್ಲೇ ಕೇಳಿರಿ, ಸಂಕೋಚ ಬೇಡ. ಅವಧಿಗೆ ಮುನ್ನ ಸಾಲ ತೀರಿಸಿದರೆ ದಂಡ ವಿಧಿಸುವಂತಿಲ್ಲ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂಬ ಮಿತಿಯೂ ಇರುವುದರಿಂದ, ಹಳೆಯ ಸಾಲವನ್ನು ಮುಚ್ಚಿಟ್ಟು ಹೊಸದನ್ನು ಪಡೆಯುವುದು ನಮ್ಮದೇ ರಕ್ಷಣೆಯನ್ನು ಕಳೆದುಕೊಂಡಂತೆ.

ಸಾಧ್ಯವಿದ್ದಲ್ಲಿ ಮೊದಲು ಸ್ವಸಹಾಯ ಸಂಘದ ಉಳಿತಾಯದಿಂದಲೇ ಸಾಲ ಪಡೆಯುವುದು ಲೇಸು, ಏಕೆಂದರೆ ಆ ಬಡ್ಡಿ ಸದಸ್ಯೆಯರ ನಿಧಿಗೇ ಮರಳುತ್ತದೆ. ಆರು ತಿಂಗಳು ಕ್ರಮವಾಗಿ ಸಭೆ, ಉಳಿತಾಯ, ಮರುಪಾವತಿ ನಡೆಸಿದ ಸಂಘವು ಬ್ಯಾಂಕ್ ಸಾಲಕ್ಕೂ ಅರ್ಜಿ ಹಾಕಬಹುದು. ಆಗ ಬ್ಯಾಂಕಿನವರು ಪರಿಶೀಲಿಸುವುದು ಲೆಕ್ಕದ ಪುಸ್ತಕಗಳನ್ನು. ಅವು ಪ್ರತಿನಿಧಿಯ ಮನೆಯ ಟ್ರಂಕಿನಲ್ಲಿ ಬೀಗ ಹಾಕಿಸಿಕೊಂಡು ಕೂರದೆ, ಪ್ರತಿ ಸಭೆಯಲ್ಲೂ ಎಲ್ಲರೆದುರು ಓದಲ್ಪಡಬೇಕು.