ಟ್ರಾನ್ಸ್‌ಫರ್ ಕೇಸಿನ ಮುಂದೆ ಎರಡನೇ ಲೋ ಬಾಕ್ಸ್: ನಾನು ಜೋಡಿಸಿದ ಬಗೆ

ಟ್ರಾನ್ಸ್‌ಫರ್ ಕೇಸ್ ಎಂದರೆ ಗೇರ್‌ಬಾಕ್ಸಿನ ಹಿಂದೆ ಕೂತು ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ; ಅದರಲ್ಲಿ ರಸ್ತೆ ಓಟಕ್ಕೆ ಹೈ, ನಿಧಾನಕ್ಕೆ ಲೋ ಎಂದು ಎರಡು ರೇಂಜ್. ಹಳೆಯ ಟೊಯೋಟಾ ಪಿಕಪ್‌ನ ಗೇರ್ ಮಾದರಿಯ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಲೋ ರೇಂಜ್ ಅನುಪಾತ 2.28. ಡಬ್ಲ್ಯು56 ಗೇರ್‌ಬಾಕ್ಸಿನ ಮೊದಲ ಗೇರ್ 3.954, ನನ್ನ ಡಿಫರೆನ್ಷಿಯಲ್ 4.10. ಮೂರನ್ನೂ ಗುಣಿಸಿದರೆ ಒಟ್ಟು ಇಳಿಕೆ ಸುಮಾರು 37, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 37 ಸುತ್ತು. 33 ಇಂಚಿನ ಟೈರ್ ಹಾಕಿ ಎಂಜಿನನ್ನು 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಬಿಟ್ಟರೆ ಗಾಡಿ ಗಂಟೆಗೆ 3.4 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಬಂಡೆ ಹತ್ತಿಸಲು ಇದು ಜಾಸ್ತಿಯೇ. ಅರ್ಧ ಕ್ಲಚ್‌ನಲ್ಲಿ ಹತ್ತಿಸಬೇಕಾಗುತ್ತದೆ, ಪ್ಲೇಟ್ ಸುಟ್ಟುಹೋಗುತ್ತದೆ. ಅದೇ ಮಾದರಿಯ ಇನ್ನೊಂದು ಕೇಸಿನಿಂದ ಲೋ ಗೇರ್ ಇರುವ ಮುಂಭಾಗವನ್ನಷ್ಟೇ ಬಿಚ್ಚಿ ಮೊದಲಿನದರ ಮುಂದೆ ಕೂರಿಸಿದರೆ ಒಟ್ಟು ಇಳಿಕೆ 84.3ಕ್ಕೆ ಏರುತ್ತದೆ, ವೇಗ ಗಂಟೆಗೆ 1.5 ಕಿ.ಮೀ.ಗೆ ಇಳಿಯುತ್ತದೆ. ಎರಡನ್ನೂ ಹೈನಲ್ಲಿ ಇಟ್ಟರೆ ರಸ್ತೆ ಓಟದಲ್ಲಿ ಏನೂ ವ್ಯತ್ಯಾಸವಿಲ್ಲ. ಡಿಫರೆನ್ಷಿಯಲ್ ಗೇರ್ ಬದಲಾಯಿಸುವುದಕ್ಕಿಂತ ಈ ದಾರಿ ನನಗೆ ಮೇಲೆನಿಸಿದ್ದು ಇದೇ ಕಾರಣಕ್ಕೆ. ಮುಂದಿನ ಬಾಕ್ಸ್ ಮಾತ್ರ ಲೋನಲ್ಲಿಟ್ಟು ಹಿಂದಿನ ಎರಡೇ ಚಕ್ರಕ್ಕೆ ಎಳೆತ ಕೊಡಲೂ ಬರುತ್ತದೆ. ಇಕ್ಕಟ್ಟಾದ ತಿರುವುಗಳಲ್ಲಿ ಅದು ತುಂಬ ಉಪಯೋಗ.

ಕಬ್ಬಿಣ ಮುಟ್ಟುವ ಮೊದಲು ಬಲದ ಲೆಕ್ಕ ಹಾಕಿ. ಈ ಗಾಡಿಯ ನಾಲ್ಕು ಸಿಲಿಂಡರಿನ 22ಆರ್‌ಇ ಎಂಜಿನ್ ಹೆಚ್ಚೆಂದರೆ ಸುಮಾರು 190 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಮೊದಲ ಗೇರ್ ಮತ್ತು ಎರಡೂ ಲೋ ಸೇರಿದರೆ ಆಕ್ಸಲ್‌ಗಳತ್ತ ಹೋಗುವ ಪ್ರೊಪೆಲರ್ ಶಾಫ್ಟಿಗೆ 3,900 ಬರುತ್ತದೆ. ಆದರೆ 1,800 ಕೆ.ಜಿ. ಗಾಡಿಯ ನಾಲ್ಕೂ ಟೈರ್ ಒಳ್ಳೆಯ ಹಿಡಿತದ ನೆಲದಲ್ಲಿ ಜಾರಲು ಶುರುವಾಗುವುದಕ್ಕೆ ಎರಡೂ ಶಾಫ್ಟ್ ಸೇರಿ 1,450 ಸಾಕು. ಅಂದರೆ ಎಂಜಿನ್‌ನ 70 ನ್ಯೂಟನ್ ಮೀಟರ್‌ಗೇ ಕೆಲಸ ಮುಗಿಯಿತು. ಮಿಕ್ಕಿದ ಶಕ್ತಿಯೆಲ್ಲ ಚಕ್ರ ಬಂಡೆ ಸಂದಿಗೆ ಸಿಕ್ಕಿಕೊಂಡಾಗ ಆಕ್ಸಲ್, ಮುಂದಿನ ಸಿವಿ ಜಾಯಿಂಟ್, ಯು-ಜಾಯಿಂಟ್ ಮುರಿಯುವುದಕ್ಕಷ್ಟೇ. ಈ ಜೋಡಣೆ ನಿಧಾನಕ್ಕೆ, ಬಲಕ್ಕಲ್ಲ. ಬಲ ಬೇಕೆಂದು ಇದನ್ನು ಕಟ್ಟುವವರು ಮೊದಲು ಆಕ್ಸಲ್‌ಗಳನ್ನು ಗಟ್ಟಿಮಾಡಿಕೊಳ್ಳಬೇಕು.

ಎರಡನೇ ಕೇಸ್ ಕೊಳ್ಳುವಾಗ ಇನ್‌ಪುಟ್ ಸ್ಪ್ಲೈನ್, ಅಂದರೆ ಶಾಫ್ಟ್ ಹಿಡಿಯುವ ಉದ್ದುದ್ದದ ಹಲ್ಲು, ಎಣಿಸಿ. ನಾಲ್ಕು ಸಿಲಿಂಡರ್ ಗಾಡಿಗಳದ್ದು 21, ಟರ್ಬೊ ಮತ್ತು ವಿ6 ಗಾಡಿಗಳದ್ದು 23. ಎರಡನ್ನು ಬೆರೆಸಿದರೆ ಕೂರುವುದಿಲ್ಲ.

ಇಡೀ ಕೆಲಸದ ಜೀವ ಇರುವುದು ಎರಡು ಬಾಕ್ಸ್‌ಗಳನ್ನು ಜೋಡಿಸುವ ನಡುವಿನ ಅಡಾಪ್ಟರ್ ಪ್ಲೇಟಿನಲ್ಲಿ. 6061-ಟಿ6 ಅಲ್ಯೂಮಿನಿಯಂ, 25 ಮಿ.ಮೀ. ದಪ್ಪ ತೆಗೆದುಕೊಂಡೆ. ಗ್ಯಾಸ್ಕೆಟ್ ಇಟ್ಟು ತೂತು ಗುರುತು ಮಾಡುವ ಅಭ್ಯಾಸ ಇಲ್ಲಿ ಬೇಡವೇ ಬೇಡ; ಗ್ಯಾಸ್ಕೆಟ್ ತೂತುಗಳು ಬೋಲ್ಟಿಗಿಂತ ಸಡಿಲ. ಹೌಸಿಂಗನ್ನು ಮಿಲ್ಲಿಂಗ್ ಮಷಿನ್ ಮೇಲೆ ಕಟ್ಟಿ, ಬೇರಿಂಗ್ ಬೋರಿನ ನಡುವನ್ನು ಡಯಲ್ ಗೇಜ್‌ನಿಂದ ಹಿಡಿದು, ಅಲ್ಲಿಂದ ಪ್ರತಿ ತೂತಿನ ದೂರವನ್ನೂ ಅಳೆದು ಬರೆದುಕೊಂಡೆ. ಪ್ಲೇಟಿನ ಒಂದು ಮುಖ ಮುಂದಿನ ಬಾಕ್ಸಿಗೆ ಸೇರುತ್ತದೆ, ಇನ್ನೊಂದು ಮುಖ ಗೇರ್‌ಬಾಕ್ಸಿನ ಹಿಂಭಾಗದಂತೆಯೇ ಇರಬೇಕು. ಬೇರಿಂಗ್ ಬೋರ್, ಹಿಂದಿನ ಕೇಸ್ ಕೂರುವ ಮೆಟ್ಟಿಲು, ಆಯಿಲ್ ಸೀಲ್ ಬೋರ್ ಮೂರನ್ನೂ ಪ್ಲೇಟನ್ನು ಬಿಚ್ಚದೆ ಒಂದೇ ಹಿಡಿತದಲ್ಲಿ ಕೊರೆಯಬೇಕು. ತಿರುಗಿಸಿ ಮತ್ತೆ ಕಟ್ಟಿದರೆ ಎಷ್ಟೇ ಜಾಗ್ರತೆ ಮಾಡಿದರೂ ನಡು ಸರಿಯುತ್ತದೆ. ಒಟ್ಟು ಓಲಾಟ ಡಯಲ್‌ನಲ್ಲಿ 0.05 ಮಿ.ಮೀ. ದಾಟಬಾರದು. ಕೌಂಟರ್ ಶಾಫ್ಟಿನ ಹಿಂತುದಿಯನ್ನೂ ಪ್ಲೇಟಿನಲ್ಲೇ ಕೂರಿಸುವ ವಿನ್ಯಾಸವಾದರೆ ಎರಡು ಬೋರ್‌ಗಳ ನಡುವಿನ ದೂರಕ್ಕೆ ಇನ್ನೂ ಬಿಗಿಯಾದ ಲೆಕ್ಕ ಬೇಕು. ಇಲ್ಲದಿದ್ದರೆ ಗೇರ್ ಊಳಿಡುತ್ತದೆ.

ನಡು ತಪ್ಪಿದ ಬಾಕ್ಸ್ ಲೋನಲ್ಲಿ ಸದ್ದುಮಾಡಿದರೂ ಓಡೀತು. ಹೈನಲ್ಲಿ ಹಾಗಲ್ಲ. ಅಲ್ಲಿ ಸ್ಲೀವ್ (ಲಿವರ್ ಸರಿಸುವ ಜಾರು ಉಂಗುರ) ಎರಡು ಶಾಫ್ಟ್‌ಗಳನ್ನು ಒಂದೇ ಮಾಡಿ ಹಿಡಿಯುವುದರಿಂದ ಪ್ರತಿ ಸುತ್ತಿಗೂ ಶಾಫ್ಟ್ ಬಾಗಿ ನೆಟ್ಟಗಾಗುತ್ತದೆ. ಕೊನೆಗೆ ಸ್ಲೀವ್ ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬರುತ್ತದೆ. ಇದನ್ನು ಸ್ಪ್ರಿಂಗಿನ ದೋಷವೆಂದು ತಿಳಿದು ಲಿವರ್‌ನ ಬಾಲ್-ಸ್ಪ್ರಿಂಗ್ ಬದಲಾಯಿಸುತ್ತ ಕೂರುವವರು ಬಹಳ. ಬೋಲ್ಟ್ ಒತ್ತಿ ಹಿಡಿಯುತ್ತದೆಯೇ ಹೊರತು ಜಾಗ ನಿಲ್ಲಿಸುವುದಿಲ್ಲ. ಪ್ರತಿ ಮುಖಕ್ಕೂ ಎರಡೆರಡು 8 ಮಿ.ಮೀ. ಡಾವೆಲ್ ಪಿನ್ ಹಾಕಲೇಬೇಕು. ಎಂ10 ಬೋಲ್ಟ್ ಅಲ್ಯೂಮಿನಿಯಂಗೆ ಕನಿಷ್ಠ 20 ಮಿ.ಮೀ. ಇಳಿಯಬೇಕು, 40 ನ್ಯೂಟನ್ ಮೀಟರ್ ಬಿಗಿ ಸಾಕು.

ಎರಡು ಬಾಕ್ಸ್‌ಗಳ ನಡುವಿನ ಶಾಫ್ಟಿಗೆ ಇಎನ್24 ಎಂಬ ಗಟ್ಟಿ ಮಿಶ್ರಲೋಹದ ಉಕ್ಕು. ಗೇರ್‌ಬಾಕ್ಸಿನ ಹಳೆಯ ಶಾಫ್ಟ್ ಕತ್ತರಿಸಿ ವೆಲ್ಡ್ ಮಾಡುವ ಸಲಹೆ ಕೇಳಿಬರುತ್ತದೆ, ಒಪ್ಪಬೇಡಿ: ವೆಲ್ಡಿನ ಪಕ್ಕದ ಉಕ್ಕು ಪೆಡಸಾಗಿ ಅಲ್ಲೇ ತುಂಡಾಗುತ್ತದೆ. ಸ್ಪ್ಲೈನ್ ಮೊದಲು ಕತ್ತರಿಸಿ, ಆಮೇಲೆ ಹೀಟ್ ಟ್ರೀಟ್‌ಮೆಂಟ್, ಕೊನೆಗೆ ಬೇರಿಂಗ್ ಕೂರುವ ಜಾಗಗಳ ಗ್ರೈಂಡಿಂಗ್. ಈ ಅನುಕ್ರಮ ಮುಖ್ಯ, ಯಾಕೆಂದರೆ ಕಾಯಿಸಿದಾಗ ಶಾಫ್ಟ್ ಅಷ್ಟಿಷ್ಟು ಬಾಗಿಯೇ ಬಾಗುತ್ತದೆ.

ಪ್ಲೇಟಿನ ಬೇರಿಂಗ್ ಬೋರನ್ನು ಬೇರಿಂಗಿನ ಹೊರವ್ಯಾಸಕ್ಕಿಂತ 0.02ರಿಂದ 0.03 ಮಿ.ಮೀ. ಚಿಕ್ಕದಾಗಿ ಇಟ್ಟೆ. ಪ್ಲೇಟನ್ನು 100 ಡಿಗ್ರಿಗೆ ಕಾಯಿಸಿದರೆ ಬೇರಿಂಗ್ ಕೈಯಲ್ಲೇ ಇಳಿಯುತ್ತದೆ, ಸುತ್ತಿಗೆ ಬೇಕಿಲ್ಲ. ತಣಿದ ಮೇಲೆ ಬೋರ್ ಬೇರಿಂಗನ್ನು ಅಮುಕುವುದರಿಂದ ಒಳಗೆ ಮಾಮೂಲಿಗಿಂತ ಹೆಚ್ಚು ಸಡಿಲಿರುವ ಸಿ3 ಬೇರಿಂಗೇ ತರಬೇಕು. ಓಡಿ ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ: 150 ಮಿ.ಮೀ. ಉದ್ದದ ಹೌಸಿಂಗ್‌ನಲ್ಲಿ 60 ಡಿಗ್ರಿ ಏರಿದರೆ ಶಾಫ್ಟಿನ ಉದ್ದುದ್ದದ ಆಟ 0.1 ಮಿ.ಮೀ. ಹೆಚ್ಚುತ್ತದೆ. ಆದ್ದರಿಂದ ತಣ್ಣಗಿರುವಾಗ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಆ ಆಟವನ್ನು 0.1ರ ಆಸುಪಾಸಿಗೆ ತಂದರೆ ಸರಿಹೋಗುತ್ತದೆ.

ಪ್ಲೇಟಿನ ಆಯಿಲ್ ಸೀಲ್ ಎರಡು ಬಾಕ್ಸ್‌ಗಳ ಆಯಿಲನ್ನು ಬೇರೆಯಾಗಿ ಇಡುತ್ತದೆ. ಅದು ಸೋತರೆ ಒಂದು ತುಂಬಿ ಉಕ್ಕುತ್ತದೆ, ಇನ್ನೊಂದು ಒಣಗುತ್ತದೆ. ಹೊರಗೆ ಹನಿಯೂ ಕಾಣುವುದಿಲ್ಲ. ಹಾಗಾಗಿ ಎರಡರ ಮಟ್ಟವನ್ನೂ ಬೇರೆಬೇರೆಯಾಗಿ ನೋಡಬೇಕು. 75ಡಬ್ಲ್ಯು-90 ಗೇರ್ ಆಯಿಲ್ ಸಾಕು. ಬಾಕ್ಸಿನ ಗಾಳಿ ಆಡುವ ಬ್ರೀದರ್ ಪೈಪನ್ನು ಬಾನೆಟ್ ಎತ್ತರಕ್ಕೆ ಒಯ್ಯಿರಿ, ಇಲ್ಲದಿದ್ದರೆ ಹೊಳೆಗೆ ಇಳಿದಾಗ ಬಿಸಿ ಬಾಕ್ಸ್ ಥಟ್ಟನೆ ತಣಿದು ನೀರನ್ನು ಒಳಗೆಳೆಯುತ್ತದೆ.

ಜೋಡಣೆ ಸುಮಾರು 165 ಮಿ.ಮೀ. ಉದ್ದವಾಗುವುದರಿಂದ ಬಾಕ್ಸ್‌ಗಳನ್ನು ಹೊರುವ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಹಿಂದಕ್ಕೆ ಹೋಗಬೇಕು. ಹಳೆಯ ಒಂಟಿ ರಬ್ಬರ್ ಮೌಂಟ್ ಈ ತಿರುಚುವಿಕೆಗೆ ತಡೆಯುವುದಿಲ್ಲ. 300 ಮಿ.ಮೀ. ಅಂತರದಲ್ಲಿ ಎರಡು ಬುಶ್ ಕೊಟ್ಟರೆ, ಟೈರ್ ಜಾರುವ ಹಂತದಲ್ಲಿ ಒಂದೊಂದರ ಮೇಲೂ ಸುಮಾರು 490 ಕೆ.ಜಿ. ಭಾರ ಬೀಳುತ್ತದೆ, ಒಂದರ ಮೇಲೆ ಕೆಳಕ್ಕೆ, ಇನ್ನೊಂದರ ಮೇಲೆ ಮೇಲಕ್ಕೆ. ಬ್ರ್ಯಾಕೆಟ್ ದಪ್ಪ ಈ ಲೆಕ್ಕದ ಮೇಲೆ ನಿರ್ಧರಿಸಿ.

ಹಿಂದಿನ ಪ್ರೊಪೆಲರ್ ಶಾಫ್ಟ್ ಅಷ್ಟೇ ಗಿಡ್ಡವಾಗುತ್ತದೆ, ಮುಂದಿನದು ಉದ್ದವಾಗುತ್ತದೆ. ಗಿಡ್ಡವಾದಷ್ಟೂ ಕೋನ ಕಡಿದಾಗುತ್ತದೆ: 150 ಮಿ.ಮೀ. ಇಳಿಜಾರಿನ 1,100 ಮಿ.ಮೀ. ಶಾಫ್ಟಿಗೆ 7.8 ಡಿಗ್ರಿ ಇದ್ದರೆ, 935ಕ್ಕೆ 9.1. ಎರಡೂ ತುದಿಯ ಜಾಯಿಂಟ್ ಕೋನಗಳು ಒಂದು ಡಿಗ್ರಿಯೊಳಗೆ ಸಮವಿರಲಿ. ಉದ್ದ ಅಳೆಯುವುದು ಸಸ್ಪೆನ್ಷನ್ ಪೂರ್ತಿ ಇಳಿಬಿಟ್ಟಾಗ ಒಮ್ಮೆ, ಪೂರ್ತಿ ಒತ್ತಿದಾಗ ಒಮ್ಮೆ.

ಮೊದಲ ಓಟ ನಾಲ್ಕೂ ಚಕ್ರ ಸ್ಟ್ಯಾಂಡ್ ಮೇಲೆ ಎತ್ತಿ, ಐಡ್ಲಿಂಗ್‌ನಲ್ಲೇ. ಆಮೇಲೆ ಆಯಿಲ್ ಇಳಿಸಿ ಮ್ಯಾಗ್ನೆಟ್ ಪ್ಲಗ್ ನೋಡಿ: ನುಣುಪಾದ ಬೂದಿಯಂಥದ್ದು ಸಹಜ, ಚೂರು ಕಂಡರೆ ಬಿಚ್ಚಬೇಕು. ಎರಡರಲ್ಲಿ ಯಾವ ಬಾಕ್ಸ್ ನ್ಯೂಟ್ರಲ್‌ನಲ್ಲಿದ್ದರೂ ಗೇರಿಗೆ ಹಾಕಿ ನಿಲ್ಲಿಸಿದ ಗಾಡಿ ಉರುಳುತ್ತದೆ, ಹ್ಯಾಂಡ್ ಬ್ರೇಕ್ ಒಂದೇ ಆಧಾರ.

ಇಳಿಜಾರಿನಲ್ಲಿ ಎರಡೂ ಲೋನಲ್ಲಿರುವಾಗ ಕ್ಲಚ್ ತುಳಿಯಬಾರದು. ತುಳಿದರೆ ಎಂಜಿನ್ ಹಿಡಿತ ತಪ್ಪಿ ಗಾಡಿ ಓಡುತ್ತದೆ, ಕ್ಲಚ್ ಪ್ಲೇಟನ್ನು ಚಕ್ರಗಳೇ ತಿರುಗಿಸುತ್ತವೆ. ಗಂಟೆಗೆ 30 ಕಿ.ಮೀ. ಮುಟ್ಟಿದರೆ ಪ್ಲೇಟಿನ ವೇಗ 16,000 ಆರ್‌ಪಿಎಂ. ಅಷ್ಟಾಗುವ ಮೊದಲೇ ಪ್ಲೇಟ್ ಒಡೆದು ಬೆಲ್ ಹೌಸಿಂಗ್ ಸೀಳಿ ಚೂರುಗಳು ಕಾಲಿನತ್ತ ಬರುತ್ತವೆ. ಕ್ಲಚ್ ಬಿಟ್ಟು, ಗೇರಿನಲ್ಲೇ ಇಳಿಸಿ, ಬೇಕಾದರೆ ಬ್ರೇಕ್ ಒತ್ತಿ.